ಕಾಯಿಸಿದರೂ ಹಾಲು ಒಡೆಯುವುದೇಕೆ?

ಬಿಸಿಲು ಏರುತ್ತಿದ್ದಂತೆ ಹಾಲು ಕೆಡುವ ಬಗ್ಗೆ ಓದುಗರ ಪತ್ರಗಳು ಹೆಚ್ಚಾಗಿವೆ. ಆಯ್ದ ಕೆಲವು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಹೈನು ತಂತ್ರಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಸಂಜೆ ಪ್ಯಾಕೆಟ್ ಹಾಲು ತಂದ ಕೂಡಲೇ ಕಾಯಿಸುತ್ತೇನೆ. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಕಾಯಿಸಿ ಒಲೆಯ ಮೇಲೇ ಮುಚ್ಚಿಡುತ್ತೇನೆ. ಬೇಸಿಗೆಯಲ್ಲಿ ಮಾತ್ರ ಬೆಳಿಗ್ಗೆ ಕಾಫಿಗೆ ಇಟ್ಟರೆ ಒಡೆದುಹೋಗುತ್ತದೆ. ನೋಡಿದರೆ ಚೆನ್ನಾಗಿಯೇ ಇರುತ್ತದೆ. ಎರಡು ಸಲ ಕಾಯಿಸಿದ ಹಾಲೂ ಕೆಡುವುದೇಕೆ? (ಗೃಹಿಣಿ, ಬೆಂಗಳೂರು)

ಉತ್ತರ: ಕಾಯಿಸಿದ ಮೇಲೆ ಹಾಲು ಒಲೆಯ ಮೇಲೆ ಕಳೆದ ಆ ರಾತ್ರಿಯಲ್ಲೇ ತೊಂದರೆ ಇದೆ. ನಮ್ಮಲ್ಲಿ ಕಾಯಿಸುವುದಕ್ಕೆ ಕೊಡುವ ಗಮನದ ಅರ್ಧದಷ್ಟನ್ನೂ ತಣಿಸುವುದಕ್ಕೆ ಕೊಡುವುದಿಲ್ಲ.

ಹಾಲಿನಲ್ಲಿ ಶೇ 4.5ರಿಂದ 5ರಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಬ್ಯಾಕ್ಟೀರಿಯಾ ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ತಾಜಾ ಹಾಲಿನ ಪಿಎಚ್ 6.6ರಿಂದ 6.8, ಹುಳಿ ಹೆಚ್ಚಿದಂತೆ ಈ ಅಂಕಿ ಇಳಿಯುತ್ತದೆ. 4.6ರ ಹತ್ತಿರ ಬಂದರೆ ಕೇಸಿನ್ ಎಂಬ ಪ್ರೋಟೀನ್ ಬಿಸಿ ತಗುಲದೆಯೇ ಗಟ್ಟಿಯಾಗುತ್ತದೆ. ಹೆಪ್ಪು ಹಾಕಿದಾಗ ಆಗುವುದು ಇದೇ. ಕುದಿಯುವ ಬಿಸಿ ಸಿಕ್ಕರೆ ಅಷ್ಟು ಇಳಿಯಬೇಕಾಗಿಲ್ಲ. ಪಿಎಚ್ 6ರ ಆಸುಪಾಸಿಗೆ ಬಂದಿದ್ದರೂ ಕೇಸಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಹಾಲು ಒಡೆಯುತ್ತದೆ. ನಿಮ್ಮ ಹಾಲು ಬೆಳಗಿನ ಜಾವಕ್ಕೇ ಅಲ್ಲಿಗೆ ಬಂದಿರುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಹುಳಿ, ಆದರೆ ಒಲೆಗೆ ಗೊತ್ತಾಗುತ್ತದೆ.

ಕುದಿಸಿದ ಹಾಲಿಗೆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು? ಎರಡು ದಾರಿ. ಒಂದು, ಬ್ಯಾಸಿಲಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಾಣುಗಳಾಗಿ ಕುದಿಯುವ ಹಾಲಿನಲ್ಲೂ ಬದುಕುತ್ತವೆ. ಆ ಬಿಸಿಯೇ ಅವುಗಳನ್ನು ಎಬ್ಬಿಸುತ್ತದೆ, ಹಾಲು ಬೆಚ್ಚಗಾದಾಗ ಮೊಳೆಯುತ್ತವೆ. ಇನ್ನೊಂದು, ಕಾಯಿಸಿದ ಮೇಲೆ ಅದ್ದಿದ ಸೌಟು, ಒರೆಸಿಟ್ಟ ಮುಚ್ಚಳ, ಕಟ್ಟೆಯ ಮೇಲಿದ್ದ ಚಮಚ. ಮುಚ್ಚಳಕ್ಕೆ ಕಟ್ಟಿದ ಹಬೆ ಹನಿಯಾಗಿ ಹಾಲಿಗೇ ಬೀಳುವುದರಿಂದ ಮುಚ್ಚಳದ ಕೊಳೆಯೂ ಹಾಲಿಗಿಳಿಯುತ್ತದೆ.

ಬೇಸಿಗೆಯ ಅಡುಗೆಮನೆಯಲ್ಲಿ, 30 ಡಿಗ್ರಿಯ ಮೇಲೆ, ಈ ಬ್ಯಾಕ್ಟೀರಿಯಾ ಸುಮಾರು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. ರಾತ್ರಿ 11ಕ್ಕೆ ಒಂದು ಮಿಲಿಲೀಟರಿಗೆ ಸಾವಿರ ಇದ್ದರೆ ಬೆಳಿಗ್ಗೆ 6ರ ಹೊತ್ತಿಗೆ 14 ಬಾರಿ ದುಪ್ಪಟ್ಟಾಗಿ ಒಂದೂವರೆ ಕೋಟಿ ದಾಟುತ್ತದೆ. ಕೋಟಿಯ ಹತ್ತಿರ ಬಂದರೆ ಹಾಲಿನ ರುಚಿ ಕೆಡತೊಡಗುತ್ತದೆ. ಚಳಿಗಾಲದಲ್ಲಿ ಇದೇ ಏಳು ಗಂಟೆಯಲ್ಲಿ ಅಷ್ಟು ಬಾರಿ ದುಪ್ಪಟ್ಟಾಗುವುದಿಲ್ಲ, ಆದ್ದರಿಂದ ನಿಮಗೆ ತೊಂದರೆ ಬೇಸಿಗೆಯಲ್ಲೇ ಕಾಣುತ್ತಿದೆ.

ಹೀಗೆ ಮಾಡಿ. ಪಾತ್ರೆಯನ್ನು ನೀರಿನಲ್ಲಿ ಅಲಸಿ, ಒರೆಸದೆ ಹಾಲು ಹಾಕಿ. ತಳ ಹಿಡಿಯುವುದು ಕಡಿಮೆಯಾಗುತ್ತದೆ. ಉಕ್ಕು ಬಂದಿತೆಂದರೆ ಇಡೀ ಹಾಲು ಕುದಿಯಿತೆಂದು ಅರ್ಥವಲ್ಲ. ಮೇಲೆ ಕಟ್ಟುವ ಕೆನೆಯ ಪದರ ಹಬೆಯನ್ನು ತಡೆಹಿಡಿಯುವುದರಿಂದ ಹಾಲು ಅದಕ್ಕೂ ಮೊದಲೇ ಏರಿಬರುತ್ತದೆ. ಉರಿ ತಗ್ಗಿಸಿ, ತಿರುವುತ್ತ ಇನ್ನೆರಡು ನಿಮಿಷ ಕುದಿಯಲು ಬಿಡಿ. ತಿರುವುವ ಸೌಟನ್ನು ಈಗ ಹಾಲಿನಲ್ಲೇ ಬಿಡಿ, ಅದೂ ಕುದಿದು ಶುದ್ಧವಾಗುತ್ತದೆ. ಒಲೆಯಿಂದ ಇಳಿಸಿದ ಕೂಡಲೇ ಪಾತ್ರೆಯನ್ನು ಅಗಲವಾದ ಬೇಸಿನ್ನಿನಲ್ಲಿಟ್ಟು ಹೊರಗಿನ ನೀರು ಹಾಲಿನ ಮಟ್ಟಕ್ಕೆ ಬರುವಷ್ಟು ತಣ್ಣೀರು ತುಂಬಿ. ನೀರು ಬೆಚ್ಚಗಾದಾಗ ಬದಲಿಸಿ, ಅದೇ ಸೌಟಿನಿಂದ ಆಗಾಗ ತಿರುವಿ. ಸುಮ್ಮನೆ ಬಿಟ್ಟರೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುವ ಒಂದು ಲೀಟರ್ ಹಾಲು ಹೀಗೆ 15ರಿಂದ 20 ನಿಮಿಷದಲ್ಲಿ ತಣಿಯುತ್ತದೆ. ನಂತರ ಬಿಗಿಯಾಗಿ ಮುಚ್ಚಿ ಫ್ರಿಜ್ಜಿಗೆ ಇಡಿ. ಮರುದಿನ ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ ಬಿಸಿ ಮಾಡಿ. ಇಡೀ ಪಾತ್ರೆಯನ್ನು ಹೊರತೆಗೆದು, ಕಾಯಿಸಿ, ಮತ್ತೆ ಒಳಗಿಡುವ ಪರಿಪಾಠ ಬಿಡಿ. ಉಳಿದ ಹಳೆಯ ಹಾಲಿಗೆ ಹೊಸ ಹಾಲು ಸುರಿಯುವುದೂ ಬೇಡ. ಹಳೆಯದರಲ್ಲಿ ಬೆಳೆದ ಲಕ್ಷಾಂತರ ಬ್ಯಾಕ್ಟೀರಿಯಾ ಹೊಸ ಲೀಟರಿಗೆ ಹೆಪ್ಪಿನಂತೆಯೇ ಕೆಲಸ ಮಾಡುತ್ತವೆ.

ಪ್ರಶ್ನೆ: ಫ್ರಿಜ್ಜಿನಲ್ಲೇ ಇಟ್ಟ ಹಾಲು ಮೂರು ನಾಲ್ಕು ದಿನಕ್ಕೆ ಹುಳಿಯಾಗುವುದಿಲ್ಲ, ಆದರೆ ಕಹಿಯಾಗುತ್ತದೆ. ಹುಳಿಯಿಲ್ಲದಿದ್ದರೆ ಬಳಸಬಹುದೇ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಬಳಸಬೇಡಿ. ಹುಳಿ ಮಾಡುವ ಬ್ಯಾಕ್ಟೀರಿಯಾ ತಂಪಿನಲ್ಲಿ ಮಂಕಾಗುತ್ತವೆ. ಆದರೆ ಸ್ಯೂಡೋಮೊನಾಸ್‌ನಂಥ ಕೆಲವು 4ರಿಂದ 7 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತವೆ. ಇವು ಆಮ್ಲ ಬಿಡುವ ಬದಲು ಪ್ರೋಟೀನ್ ಮತ್ತು ಕೊಬ್ಬನ್ನು ಕತ್ತರಿಸುವ ಕಿಣ್ವಗಳನ್ನು ಬಿಡುತ್ತವೆ. ಪ್ರೋಟೀನ್ ತುಂಡಾದರೆ ಕಹಿ, ಕೊಬ್ಬು ತುಂಡಾದರೆ ಕಮಟು. ಬ್ಯಾಕ್ಟೀರಿಯಾ ಬಿಸಿಗೆ ಸತ್ತರೂ ಅವು ಬಿಟ್ಟ ಈ ಕಿಣ್ವಗಳು ಪಾಶ್ಚರೀಕರಣವನ್ನು (ಡೈರಿಯಲ್ಲಿ ಹಾಲನ್ನು ಕಾಯಿಸಿ ಕೂಡಲೇ ತಣಿಸುವ ವಿಧಾನ) ತಾಳಿಕೊಳ್ಳುತ್ತವೆ, ಆದ್ದರಿಂದ ಕಾಯಿಸಿದರೆ ಕಹಿ ಹೋಗುವುದಿಲ್ಲ. ಕಾಯಿಸಿ ಇಟ್ಟ ಹಾಲು ಹುಳಿಯಾಗದೆ ತಳದಲ್ಲಿ ಸಿಹಿಯಾಗಿಯೇ ಗಟ್ಟಿಯಾಗಿದ್ದರೆ ಅದು ಬೀಜಾಣುಗಳಿಂದ ಬಂದ ಬ್ಯಾಸಿಲಸ್ ಕೆಲಸ.

ನಿಮ್ಮ ಫ್ರಿಜ್ಜಿನ ತಂಪನ್ನು ಒಮ್ಮೆ ಅಳೆಯಿರಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಒಳಗೆ ಬಿಡಿ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಿ. 4 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರಬೇಕು. ಹೆಚ್ಚಿನ ಫ್ರಿಜ್ಜುಗಳ ಗುಂಡಿಯಲ್ಲಿ ಅಂಕಿ ದೊಡ್ಡದಾದಷ್ಟು ತಂಪು ಹೆಚ್ಚು. ಅಂಕಿಯನ್ನು ಡಿಗ್ರಿ ಎಂದು ತಿಳಿದು 1ಕ್ಕೆ ಇಟ್ಟವರ ಹಾಲು ಬೇಗ ಕೆಡುತ್ತದೆ. ತಯಾರಕರು ಬಾಗಿಲಲ್ಲಿ ಬಾಟಲಿಗೆಂದು ಜಾಗ ಮಾಡಿಕೊಟ್ಟಿದ್ದರೂ ಹಾಲಿಗೆ ಅದು ತಕ್ಕ ಜಾಗವಲ್ಲ. ತೆರೆದಾಗಲೆಲ್ಲ ಬಿಸಿಗಾಳಿ ಮೊದಲು ತಗಲುವುದು ಅಲ್ಲಿಗೇ. ಒಳಗಿನ ಹಲಗೆಯ ಹಿಂಭಾಗದಲ್ಲಿ ಇಡಿ. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ, ಮುಚ್ಚಿದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಉಳಿಸಿಕೊಳ್ಳುತ್ತದೆ.

ಪ್ರಶ್ನೆ: ಮನೆ ಹಸುವಿನ ಹಾಲು ಸಂಜೆಯೊಳಗೆ ಕೆಡುತ್ತದೆ, ಪ್ಯಾಕೆಟ್ ಹಾಲು ಎರಡು ದಿನ ಇರುತ್ತದೆ. ಅದಕ್ಕೆ ಏನಾದರೂ ಬೆರೆಸುತ್ತಾರೆಯೇ? (ಶಿವಮೊಗ್ಗ)

ಉತ್ತರ: ಪಾಶ್ಚರೀಕರಿಸಿದ ಹಾಲಿಗೆ ಯಾವ ಸಂರಕ್ಷಕವನ್ನೂ ಸೇರಿಸಲು ನಮ್ಮ ಆಹಾರ ಕಾನೂನಿನಲ್ಲಿ ಅವಕಾಶವಿಲ್ಲ. ಹಾಲನ್ನು 72 ಡಿಗ್ರಿಗೆ 15 ಸೆಕೆಂಡ್ ಕಾಯಿಸಿ, ಕೂಡಲೇ 4 ಡಿಗ್ರಿಗೆ ಇಳಿಸಿ, ಮುಚ್ಚಿದ ಕೊಳವೆಗಳಲ್ಲೇ ಪ್ಯಾಕೆಟ್ಟಿಗೆ ತುಂಬುತ್ತಾರೆ. ಬಾಳಿಕೆ ಬರುವುದು ಇದರಿಂದಲೇ. ಹಾಗೆಂದು ಅಂಗಡಿಯ ಮುಂದೆ ಬಿಸಿಲಲ್ಲಿ ಕ್ರೇಟಿನಲ್ಲಿದ್ದ ಪ್ಯಾಕೆಟ್ಟನ್ನು ಕೊಳ್ಳಬೇಡಿ. ಮುಟ್ಟಿದರೆ ತಣ್ಣಗಿರಬೇಕು, ಉಬ್ಬಿರಬಾರದು. ತಂಪು ತಪ್ಪದೆ ಬಂದ ಪ್ಯಾಕೆಟ್ ಹಾಲನ್ನು ಕಾಯಿಸದೆಯೂ ಕುಡಿಯಬಹುದು, ಆದರೆ ನಮ್ಮ ಅಂಗಡಿಗಳಲ್ಲಿ ತಂಪು ತಪ್ಪಿಲ್ಲವೆಂದು ಹೇಳಲು ಬರುವುದಿಲ್ಲ, ಆದ್ದರಿಂದ ಕಾಯಿಸಿ. ಮನೆ ಹಸುವಿನ ಹಾಲನ್ನಂತೂ ಕಾಯಿಸದೆ ಕುಡಿಯಲೇಬಾರದು. ಬ್ರುಸೆಲ್ಲಾ, ಕ್ಷಯದಂಥ ರೋಗಾಣುಗಳು ಹಸಿ ಹಾಲಿನಿಂದ ಮನುಷ್ಯರಿಗೆ ದಾಟುತ್ತವೆ.

ಪ್ರಶ್ನೆ: ಸಂಘಕ್ಕೆ ಹಾಕಿದ ಹಾಲು ವಾರದಲ್ಲಿ ಒಂದೆರಡು ಸಲ ವಾಪಸ್ ಬರುತ್ತಿದೆ, ‘ಒಡೆಯಿತು’ ಎನ್ನುತ್ತಾರೆ. ಕರೆದ ಒಂದೂವರೆ ಗಂಟೆಯೊಳಗೆ ಹಾಕುತ್ತೇವೆ. ಎಲ್ಲಿ ತಪ್ಪುತ್ತಿದೆ? (ಹೈನುಗಾರರು, ಕೋಲಾರ ಜಿಲ್ಲೆ)

ಉತ್ತರ: ಒಂದೂವರೆ ಗಂಟೆಯಲ್ಲಿ ಹಾಲು ಒಡೆಯುವಷ್ಟು ಹುಳಿಯಾಗಬೇಕಾದರೆ ಪಾತ್ರೆಯಲ್ಲೇ ಹೆಪ್ಪು ಕುಳಿತಿರಬೇಕು. ಇಲ್ಲವೇ ಹಾಲು ಹುಳಿಯಾಗದೆಯೇ ಒಡೆಯುತ್ತಿರಬೇಕು. ಎರಡಕ್ಕೂ ಪರಿಹಾರ ಬೇರೆ ಬೇರೆ, ಆದ್ದರಿಂದ ಮೊದಲು ಯಾವುದೆಂದು ತಿಳಿಯಿರಿ. ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆಯಾಗಿ ತೊಳೆದ ಸ್ಟೀಲ್ ಲೋಟಕ್ಕೆ ನೇರವಾಗಿ ಕರೆದು, ಕೂಡಲೇ ಸ್ವಲ್ಪ ಸ್ವಲ್ಪ ಕುದಿಸಿ ನೋಡಿ. ಲೋಟದಲ್ಲಿ ಚೆನ್ನಾಗಿದ್ದು ಕ್ಯಾನಿನಲ್ಲಿ ಒಡೆದರೆ ತಪ್ಪು ಪಾತ್ರೆಯದ್ದು. ಲೋಟದಲ್ಲೇ ಒಡೆದರೆ ತಪ್ಪು ಹಸುವಿನಲ್ಲಿದೆ.

ಪಾತ್ರೆಯದ್ದಾದರೆ ಮೊದಲು ಸೋಸುವ ಬಟ್ಟೆಯನ್ನು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಕಳ್ಳ ಸಿಕ್ಕಂತೆ. ಆ ಬಟ್ಟೆಯನ್ನು ಪ್ರತಿ ಸಲ ತೊಳೆದು, ಕುದಿಸಿ, ಬಿಸಿಲಲ್ಲಿ ಒಣಗಿಸಬೇಕು. ಆಮೇಲೆ ಕ್ಯಾನಿನ ಕುತ್ತಿಗೆಯ ಒಳಮಡಿಕೆ ಮತ್ತು ಮುಚ್ಚಳದ ರಬ್ಬರನ್ನು ಬೆರಳಿನಿಂದ ಸವರಿ ನೋಡಿ, ಜಾರುವ ಪದರ ಕೈಗೆ ಸಿಗುತ್ತದೆ. ತೊಳೆಯುವಾಗ ಹಲವರು ಮಾಡುವ ತಪ್ಪು ಎಂದರೆ ಮೊದಲೇ ಕುದಿನೀರು ಹುಯ್ಯುವುದು. ಕುದಿನೀರಿಗೆ ಪ್ರೋಟೀನ್ ಬೆಂದು ಲೋಹಕ್ಕೆ ಅಂಟಿಕೊಳ್ಳುತ್ತದೆ. ಖಾಲಿಯಾದ ಕೂಡಲೇ ತಣ್ಣೀರಿನಲ್ಲಿ ಅಲಸಿ, ನಂತರ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆದು, ಕೊನೆಗೆ ಕುದಿನೀರು ಹುಯ್ದು ಬೋರಲು ಹಾಕಿ ಒಣಗಲು ಬಿಡಿ. ಒದ್ದೆಯಾಗಿರುವಾಗಲೇ ಮುಚ್ಚಳ ಹಾಕಿಟ್ಟ ಕ್ಯಾನು ತೊಳೆಯದ ಕ್ಯಾನಿಗೆ ಸಮ. ಬೂದಿ, ಮಣ್ಣಿನಿಂದ ಉಜ್ಜಬೇಡಿ, ಬೀಜಾಣುಗಳು ಬರುವುದೇ ಮಣ್ಣಿನಿಂದ. ಹಾಲು ಕರೆಯುವ ಯಂತ್ರವಿದ್ದರೆ ಒಳಗಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ, ಬಿರುಕಿದ್ದರೆ ಬದಲಿಸಿ.

ಕರೆಯುವಾಗ ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸಿ. ಒದ್ದೆ ಕೆಚ್ಚಲಿನಿಂದ ಇಳಿಯುವ ನೀರು ಸಗಣಿಯ ಕೊಳೆಯನ್ನು ಹೊತ್ತು ಹಾಲಿಗೇ ಬೀಳುತ್ತದೆ. ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಗಳನ್ನು ಕಪ್ಪು ಬಟ್ಟಲಿಗೆ ಬಿಡಿ. ಕಪ್ಪಿನ ಮೇಲೆ ಹಿಟ್ಟಿನಂಥ ಚೂರು, ಎಳೆ ಕಂಡರೆ ಕೆಚ್ಚಲು ಬಾವು. ಬೆಳಿಗ್ಗೆಯ ಹಾಲಿಗೆ ಹಿಂದಿನ ಸಂಜೆಯದ್ದನ್ನು ಸೇರಿಸಬೇಡಿ. ಸಂಘಕ್ಕೆ ಒಯ್ಯುವಾಗ ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿ. ಸಂಘದಲ್ಲಿ ಬಲ್ಕ್ ಕೂಲರ್ ಇದ್ದರೆ ಅಲ್ಲಿ ಹಾಲು 4 ಡಿಗ್ರಿಗೆ ಇಳಿಯುತ್ತದೆ, ಆದರೆ ಅದು ಅಲ್ಲಿಯವರೆಗೆ ಆದದ್ದನ್ನು ಹಿಂದಕ್ಕೆ ತಿರುಗಿಸುವುದಿಲ್ಲ.

ಹಸುವಿನಲ್ಲೇ ತೊಂದರೆ ಇದ್ದರೆ ಮೂರು ಕಾರಣ ನೋಡಿ. ಕರು ಹಾಕಿ ಐದಾರು ದಿನ ಆಗಿಲ್ಲದಿದ್ದರೆ ಅದು ಗಿಣ್ಣು ಹಾಲು, ಅದರ ಹೆಚ್ಚುವರಿ ಪ್ರೋಟೀನ್ ಬಿಸಿಗೆ ಗಟ್ಟಿಯಾಗುವುದು ಸಹಜ. ಕೆಚ್ಚಲು ಬಾವು ಇದ್ದರೆ ರಕ್ತದ ಉಪ್ಪು ಹಾಲಿಗೆ ಸೋರಿ ರುಚಿ ಸ್ವಲ್ಪ ಉಪ್ಪಾಗುತ್ತದೆ, ಹಾಲು ಬಿಸಿ ತಾಳುವುದಿಲ್ಲ. ಪಶುವೈದ್ಯರನ್ನು ಕರೆಸಿ. ಆಂಟಿಬಯೋಟಿಕ್ ಕೊಟ್ಟರೆ ಅವರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಲೇಬೇಡಿ. ಮೂರನೆಯದು, ಬತ್ತುವ ಹಂತದ ಹಸು ಅಥವಾ ಖನಿಜದ ಕೊರತೆ. ಹಾಲಿನ ಕ್ಯಾಲ್ಸಿಯಂ, ಫಾಸ್ಫೇಟ್, ಸಿಟ್ರೇಟ್ ಲವಣಗಳ ಹೊಂದಾಣಿಕೆ ತಪ್ಪಿದರೆ ಹುಳಿ ಒಂದಿಷ್ಟೂ ಇಲ್ಲದ ತಾಜಾ ಹಾಲೂ ಸಂಘದ ಆಲ್ಕೋಹಾಲ್ ಪರೀಕ್ಷೆಯಲ್ಲಿ (ಹಾಲಿಗೆ ಆಲ್ಕೋಹಾಲ್ ಬೆರೆಸಿ ಒಡೆಯುತ್ತದೆಯೇ ಎಂದು ನೋಡುವುದು) ಒಡೆಯುತ್ತದೆ. ಹಿಂಡಿಯ ಜತೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ, ಸಾಕಷ್ಟು ಹಸಿಮೇವು ಕೊಡಿ. ಇಂಥ ಹಾಲಿಗೆ ರೈತರನ್ನು ‘ಹಳೇ ಹಾಲು ತಂದಿದ್ದೀರಿ’ ಎಂದು ಗದರುವುದು ಅನ್ಯಾಯ. ಆಮ್ಲೀಯತೆಯನ್ನು ಅಳೆಯಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮಲ್ಲಿ ಫ್ರಿಜ್ಜಿಲ್ಲ. ಒದ್ದೆ ಬಟ್ಟೆ ಸುತ್ತಿ ಮಡಕೆಯಲ್ಲಿಟ್ಟರೆ ಹಾಲು ಉಳಿಯುತ್ತದೆಯೇ? (ರಾಯಚೂರು ಮತ್ತು ಉಡುಪಿಯಿಂದ ಇದೇ ಪ್ರಶ್ನೆ ಬಂದಿದೆ)

ಉತ್ತರ: ರಾಯಚೂರಿನವರಿಗೆ ಹೌದು, ಉಡುಪಿಯವರಿಗೆ ಅಷ್ಟಾಗಿ ಇಲ್ಲ. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುವುದರಿಂದ ಈ ತಂಪು ಬರುತ್ತದೆ. ಒಣ ಬಿಸಿಲಿನ ನಾಡಿನಲ್ಲಿ ಬೇಗ ಆವಿಯಾಗುತ್ತದೆ, ಕರಾವಳಿಯ ತೇವದ ಗಾಳಿಯಲ್ಲಿ ಆಗುವುದೇ ಇಲ್ಲ ಎನ್ನಬಹುದು. ರಾಯಚೂರಿನಲ್ಲಿ ಅಗಲ ಬಾಯಿಯ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರ ನಡುವೆ ಹಾಲಿನ ಸ್ಟೀಲ್ ಪಾತ್ರೆ ಇಟ್ಟು, ನೆರಳಲ್ಲಿ ಗಾಳಿ ಆಡುವ ಕಡೆ ಇಡಿ, ಮರಳು ಒಣಗಲು ಬಿಡಬೇಡಿ. ಆದರೂ ಅದು ಫ್ರಿಜ್ಜಲ್ಲ, ಕೆಲವು ಗಂಟೆಗಳ ಬಿಡುವು ಸಿಗುತ್ತದೆ ಅಷ್ಟೇ.

ಎಲ್ಲಿಯಾದರೂ ಸಲ್ಲುವ ಇನ್ನೊಂದು ದಾರಿ ಬಿಸಿಯಾಗಿಯೇ ಇಡುವುದು. ಹಾಲು 65 ಡಿಗ್ರಿಗಿಂತ ಮೇಲಿದ್ದರೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಹಿಂದೆ ಕುಳ್ಳಿನ ಸಣ್ಣ ಬೆಂಕಿಯ ಮೇಲೆ ದಿನವಿಡೀ ಹಾಲಿನ ಗಡಿಗೆ ಕೂರಿಸುತ್ತಿದ್ದದ್ದರಲ್ಲಿ ಈ ತಿಳಿವಳಿಕೆ ಇತ್ತು. ಕೆಂಪು ಬಣ್ಣ, ದಪ್ಪ ಕೆನೆ ಬರುತ್ತಿದ್ದದ್ದೂ ಆ ನಿಧಾನದ ಕಾವಿನಿಂದಲೇ. ಗ್ಯಾಸ್ ಒಲೆಯಿದ್ದವರು ನಾಲ್ಕೈದು ಗಂಟೆಗೊಮ್ಮೆ ಕುದಿಸಿ, ಪ್ರತಿ ಸಲ ನೀರಿನಲ್ಲಿಟ್ಟು ತಣಿಸಿ. ಸಂಜೆಗೆ ಉಳಿಯುವ ಹಾಲನ್ನು ಹಾಲಾಗಿ ಉಳಿಸಲು ಹೆಣಗುವುದಕ್ಕಿಂತ ಹೆಪ್ಪು ಹಾಕುವುದು ಜಾಣತನ. 40 ಡಿಗ್ರಿಯ ಆಸುಪಾಸಿನ ಬೆಚ್ಚಗಿನ ಹಾಲಿಗೆ ಅರ್ಧ ಲೀಟರಿಗೆ ಒಂದು ಚಮಚ ಒಳ್ಳೆಯ ಮೊಸರು ಸಾಕು.

ಪ್ರಶ್ನೆ: ಬೆಲ್ಲದ ಪಾಯಸಕ್ಕೆ ಹಾಲು ಹಾಕಿದರೆ ಒಡೆಯುತ್ತದೆ, ಶುಂಠಿ ಚಹಾದಲ್ಲೂ ಹಾಗೆಯೇ. ಹಾಲು ತಾಜಾ ಇರುತ್ತದೆ. (ಹಾವೇರಿ)

ಉತ್ತರ: ಬೆಲ್ಲ ಸ್ವಲ್ಪ ಆಮ್ಲೀಯ, ಕುದಿಯುವ ಹಾಲಿಗೆ ಅಷ್ಟೇ ಸಾಕು. ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಆರಿಸಿ. ಪಾಯಸ ಒಲೆಯಿಂದ ಇಳಿಸಿ ಆರಿದ ಮೇಲೆ, ಕಾಯಿಸಿ ಬೆಚ್ಚಗಾಗಿಸಿದ ಹಾಲು ಸೇರಿಸಿ, ಮತ್ತೆ ಕುದಿಸಬೇಡಿ. ಶುಂಠಿಯ ಕಥೆ ಬೇರೆ. ಅದರಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವಿದೆ. ಚೀನಾದ ಗುವಾಂಗ್‌ಡಾಂಗ್ ಸೀಮೆಯಲ್ಲಿ ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಹುಯ್ದು ಗಟ್ಟಿಯಾದ ಸಿಹಿ ಮಾಡುವುದು ಇದೇ ಕಿಣ್ವದಿಂದ. ಜಜ್ಜಿದ ಶುಂಠಿಯನ್ನು ನೀರಿನಲ್ಲಿ ಮೂರರಿಂದ ಐದು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ಹಾಲು ಹಾಕಿ.

ಪ್ರಶ್ನೆ: ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಾಲು ಒಡೆಯುವುದಿಲ್ಲವಂತೆ, ನಿಜವೇ? (ತುಮಕೂರು)

ಉತ್ತರ: ನಿಜ, ಹಾಗಾಗಿಯೇ ಬೇಡ ಎನ್ನುತ್ತೇವೆ. ಸೋಡಾ ಹುಳಿಯನ್ನು ತಗ್ಗಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಕೆಟ್ಟ ಹಾಲು ಕೆಟ್ಟದ್ದೆಂದು ತೋರಿಸುವ ಮುಖ್ಯ ಗುರುತನ್ನು ಅದು ಅಳಿಸಿಬಿಡುತ್ತದೆ. ಮಾರುವ ಹಾಲಿಗೆ ಹಾಕಿದರೆ ಅದು ಕಲಬೆರಕೆ. ಡೈರಿಯಲ್ಲಿ ರೋಸಾಲಿಕ್ ಆಮ್ಲದ ಒಂದೆರಡು ಹನಿ ಹಾಕಿದರೆ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಪಾಶ್ಚರೀಕರಣ ವಿಧಾನ ಕಂಡುಹಿಡಿದದ್ದು ಹಾಲಿಗಾಗಿಯೇ? (ಪಿಯು ವಿದ್ಯಾರ್ಥಿನಿ, ಗದಗ)

ಉತ್ತರ: ಅಲ್ಲ, 1860ರ ದಶಕದಲ್ಲಿ ವೈನ್ ಕೆಡದಂತೆ ತಡೆಯಲು. ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು 1780ರಲ್ಲೇ ಸ್ವೀಡನ್ನಿನ ಶೀಲೆ ಬೇರ್ಪಡಿಸಿದ್ದರು. ಅದು ಜೀವಿಗಳ ಕೆಲಸವೆಂದು ಪಾಶ್ಚರ್ 1857ರಲ್ಲಿ ತೋರಿಸಿದರು, ಆ ಬ್ಯಾಕ್ಟೀರಿಯಾವನ್ನು 1878ರಲ್ಲಿ ಶುದ್ಧವಾಗಿ ಬೆಳೆಸಿದವರು ಜೋಸೆಫ್ ಲಿಸ್ಟರ್. ಮಕ್ಕಳಿಗೆ ಕೊಡುವ ಹಾಲನ್ನು ಹೀಗೆ ಕಾಯಿಸಬೇಕೆಂದು 1886ರಲ್ಲಿ ಸೂಚಿಸಿದವರು ಜರ್ಮನಿಯ ಸಾಕ್ಸ್‌ಲೆಟ್.

ಪ್ರಶ್ನೆ: ಟೆಟ್ರಾ ಪ್ಯಾಕ್ ಹಾಲು ಹೊರಗಿಟ್ಟರೂ ತಿಂಗಳುಗಟ್ಟಲೆ ಇರುವುದು ಹೇಗೆ? ಸಾಮಾನ್ಯ ಪ್ಯಾಕೆಟ್ಟನ್ನು ಫ್ರೀಜರಿನಲ್ಲಿಡಬಹುದೇ? (ಧಾರವಾಡ)

ಉತ್ತರ: ನಂದಿನಿ ಗುಡ್‌ಲೈಫ್‌ನಂಥ ಹಾಲನ್ನು ಸುಮಾರು 135ರಿಂದ 140 ಡಿಗ್ರಿಗೆ ಕೆಲವೇ ಸೆಕೆಂಡ್ ಕಾಯಿಸಿ, ಬೀಜಾಣುಗಳನ್ನೂ ಕೊಂದು, ಕ್ರಿಮಿರಹಿತ ಪೊಟ್ಟಣಕ್ಕೆ ತುಂಬುತ್ತಾರೆ. ತೆರೆದ ಮೇಲೆ ಅದೂ ಬರೀ ಹಾಲೇ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಫ್ರೀಜರಿನಲ್ಲಿ ಇಡಬಹುದು. ಹೆಪ್ಪುಗಟ್ಟುವಾಗ ನೀರು ಶೇ 9ರಷ್ಟು ಹಿಗ್ಗುವುದರಿಂದ ಡಬ್ಬಿಯಲ್ಲಿ ಜಾಗ ಬಿಟ್ಟು ತುಂಬಿ. ಹಳದಿ ಬಣ್ಣ ಬಂದರೆ ಹೆದರಬೇಡಿ. ಕರಗಿಸುವುದು ಫ್ರಿಜ್ಜಿನೊಳಗೇ ಆಗಲಿ. ಕರಗಿದಾಗ ಕೊಬ್ಬು ಬೇರೆಯಾಗಿ ತೇಲುವುದರಿಂದ ಕುಡಿಯಲು ಚೆನ್ನಾಗಿರುವುದಿಲ್ಲ. ಚಹಾ, ಅಡುಗೆಗೆ ಸರಿ.

ಪ್ರಶ್ನೆ: ಒಡೆದ ಹಾಲನ್ನು ಚೆಲ್ಲಲು ಮನಸ್ಸಾಗುವುದಿಲ್ಲ. ಯಾವಾಗ ಬಳಸಬಹುದು? (ಚಿಕ್ಕಮಗಳೂರು)

ಉತ್ತರ: ಫ್ರಿಜ್ಜಿನಲ್ಲಿದ್ದ ಹಾಲು ಕಾಯಿಸುವಾಗ ಒಡೆದು, ನೀರು ತಿಳಿಯಾಗಿ ಬೇರ್ಪಟ್ಟು, ವಾಸನೆ ಬರೀ ಹುಳಿಯಾಗಿದ್ದರೆ ಚೆನ್ನಾಗಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು ಹಿಂಡಿ. ಪಲ್ಯಕ್ಕೋ, ಸಕ್ಕರೆ ಹಾಕಿ ಸಿಹಿಗೋ ಆ ದಿನವೇ ಬಳಸಿ. ಕಹಿ, ಕಮಟು, ಕೊಳೆತ ವಾಸನೆ, ಸೌಟಿನಿಂದ ಎತ್ತಿದರೆ ನೂಲಿನಂತೆ ಎಳೆ ಬರುವುದು, ಗುಲಾಬಿ ಅಥವಾ ಹಸಿರು ಛಾಯೆ, ಇವುಗಳಲ್ಲಿ ಒಂದಿದ್ದರೂ ಚೆಲ್ಲಿ. ರಾತ್ರಿಯಿಡೀ ಹೊರಗೆ ಬೆಚ್ಚಗಿದ್ದ ಹಾಲಾದರೆ ವಾಸನೆ ಚೆನ್ನಾಗಿದ್ದರೂ ಪನೀರ್ ಮಾಡಬೇಡಿ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಅಂಥ ಹಾಲಿನಲ್ಲಿ ಬಿಡುವ ವಿಷ ಕುದಿಸಿದರೂ ನಾಶವಾಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು ಬರುತ್ತದೆ. ಮಕ್ಕಳಿಗೆ ಮತ್ತು ಬಸುರಿಯರಿಗಂತೂ ಒಡೆದ ಹಾಲಿನದ್ದು ಏನನ್ನೂ ಕೊಡಬೇಡಿ.